ಹೇಳಿಕೊಳ್ಳಲಾಗದ ನೋವಿಗೆ ವಿಷದ ಚುಚ್ಚುಮದ್ದೇ?

ಸೋದರಿಯೊಬ್ಬರು ಹೆಸರು ಹಾಕದೆ ಕಾಗದ ಬರೆದಿದ್ದಾರೆ. ವರ್ಷದಿಂದ ಕಿಬ್ಬೊಟ್ಟೆಯಲ್ಲಿ ನೋವಂತೆ. ಮೂತ್ರ ತುಂಬುತ್ತಾ ಬಂದ ಹಾಗೆ ಹೆಚ್ಚುತ್ತದೆ, ಹೋಗಿ ಬಂದರೆ ಒಂದಿಷ್ಟು ಹೊತ್ತು ಹಗುರ. ರಾತ್ರಿ ಏಳೆಂಟು ಸಲ ಏಳಬೇಕು. ಬಸ್ಸಿನ ಪ್ರಯಾಣಕ್ಕೆ ಹೆದರಿ ಸ್ವಂತ ತಂಗಿಯ ಮದುವೆಗೂ ಹೋಗಲಿಲ್ಲವಂತೆ. ಪರೀಕ್ಷೆ ಮಾಡಿಸಿದಾಗಲೆಲ್ಲ ಮೂತ್ರದಲ್ಲಿ ಸೋಂಕಿಲ್ಲವೆಂದೇ ಬರುತ್ತದೆ. ಆದರೂ ಸೋಂಕಿನ ಮಾತ್ರೆಗಳನ್ನು ಐದಾರು ಸಲ ನುಂಗಿದ್ದಾಗಿದೆ. ಈಗ ದೊಡ್ಡ ಆಸ್ಪತ್ರೆಯಲ್ಲಿ 'ಬೊಟಾಕ್ಸ್' ಅಂದಿದ್ದಾರೆ. "ಅದು ಸಿನಿಮಾದವರು ಮುಖದ ಸುಕ್ಕಿಗೆ ಹಾಕಿಸಿಕೊಳ್ಳೋದಲ್ವಾ? ವಿಷ ಅಂತಾರಲ್ಲ?" ಎಂದು ಕೇಳಿದ್ದಾರೆ.

ವಿಷ ಹೌದು ನೋಡಿ, ಸುಳ್ಳಲ್ಲ. ಸರಿಯಾಗಿ ಕಾಯಿಸದೆ ಡಬ್ಬಿಯಲ್ಲಿ ಮುಚ್ಚಿಟ್ಟ ಆಹಾರದಲ್ಲಿ ಬೆಳೆಯುವ ಒಂದು ಕ್ರಿಮಿ ಇದನ್ನು ಹುಟ್ಟಿಸುತ್ತೆ. ಹೊಟ್ಟೆಗೆ ಹೋದರೆ ಸ್ನಾಯುಗಳೆಲ್ಲ ಸೋತು ಉಸಿರೇ ನಿಂತೀತು. ಅದನ್ನೇ ಶುದ್ಧಮಾಡಿ, ಬಲು ಸಣ್ಣ ಪ್ರಮಾಣದಲ್ಲಿ, ಬೇಕಾದ ಜಾಗಕ್ಕಷ್ಟೇ ಕೊಟ್ಟರೆ ಔಷಧಿ. ಅಮೆರಿಕದ ಕಣ್ಣಿನ ವೈದ್ಯ ಆಲನ್ ಸ್ಕಾಟ್ ಇದನ್ನು ಮೆಳ್ಳೆಗಣ್ಣಿಗೆ ಬಳಸಿ ತೋರಿಸಿದರು; 1989ರಲ್ಲಿ ಅಲ್ಲಿನ ಸರ್ಕಾರದ ಒಪ್ಪಿಗೆ ಸಿಕ್ಕಿತು. ಸುಕ್ಕಿನ ಸರದಿ ಬಂದದ್ದು 2002ರಲ್ಲಿ. ಮೊದಲು ರೋಗ, ಆಮೇಲೆ ಸೊಗಸು! 2013ರಲ್ಲಿ ಮೂತ್ರ ತಡೆಯಲಾಗದ ತೊಂದರೆಗೂ ಒಪ್ಪಿಗೆಯಾಯಿತು. ನಮ್ಮ ಸೋದರಿಗಿರುವ ಈ ನೋವಿಗೆಂದೇ ಅಲ್ಲಿ ಒಪ್ಪಿಗೆ ಕೊಟ್ಟಿಲ್ಲ. ಆದರೆ ಬೇರೆ ಚಿಕಿತ್ಸೆಗಳು ಫಲಿಸದಾಗ ಕೊಟ್ಟು ನೋಡಬಹುದು ಅಂತ ಅಲ್ಲಿನ ಮೂತ್ರರೋಗ ತಜ್ಞರ ಸಂಘ ಹೇಳುತ್ತದೆ.

ಹಾಗಾಗಿ ಮೊದಲು ಉಳಿದದ್ದೆಲ್ಲ ಆಗಿದೆಯೇ ಕೇಳಿ. ಕಲ್ಚರ್ ಪರೀಕ್ಷೆ, ಕಲ್ಲು, ಕ್ಷಯ ಇಲ್ಲವೆಂದು ಖಚಿತವಾಗಿದೆಯೇ? ಕಾಫಿ, ಟೊಮ್ಯಾಟೊ, ನಿಂಬೆಹುಳಿ, ಖಾರ ಕೆಲವರಿಗೆ ನೋವು ಕೆರಳಿಸುತ್ತವೆ. (ನಮ್ಮ ಸಾರಿನಲ್ಲಿ ಇನ್ನೇನು ಉಳಿಯಿತು ಅಂತೀರಾ!) ಎರಡು ವಾರ ಬಿಟ್ಟು, ಆಮೇಲೆ ಒಂದೊಂದನ್ನೇ ತಿಂದು ನೋಡಿ, ಎಲ್ಲವನ್ನೂ ಬಿಡಬೇಕಾಗಲಾರದು. ಬಿಗಿದ ಕಿಬ್ಬೊಟ್ಟೆಯ ತಳದ ಸ್ನಾಯುಗಳನ್ನು ಸಡಿಲಿಸುವ ಫಿಸಿಯೋಥೆರಪಿ ಇದೆ, ಮಾತ್ರೆಗಳಿವೆ.

ಇನ್ನು ಚುಚ್ಚುಮದ್ದು. ಮೂತ್ರದ ದಾರಿಯಲ್ಲೇ ತೆಳ್ಳನೆಯ ದುರ್ಬೀನಿನ ನಳಿಕೆ ತೂರಿಸಿ, ಮೂತ್ರಕೋಶದ ಗೋಡೆಗೆ ಹತ್ತಿಪ್ಪತ್ತು ಕಡೆ ಹನಿಹನಿಯಾಗಿ ಚುಚ್ಚುತ್ತಾರೆ. ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು. ಸ್ನಾಯು ಸಡಿಲವಾಗುತ್ತದೆ, ನೋವಿನ ಸುದ್ದಿ ಒಯ್ಯುವ ನರಗಳೂ ತಣ್ಣಗಾಗುತ್ತವೆ. ಎಲ್ಲರಿಗೂ ಫಲಿಸುವುದಿಲ್ಲ. ಫಲಿಸಿದರೂ ಕೆಲವು ತಿಂಗಳಷ್ಟೇ, ಮತ್ತೆ ಹಾಕಿಸಬೇಕು.

ನಾನು ಒತ್ತಿ ಹೇಳಬೇಕಾದ್ದು ಇದು: ಸ್ನಾಯು ಅತಿಯಾಗಿ ಸಡಿಲವಾದರೆ ಮೂತ್ರವೇ ಹೊರಗೆ ಬಾರದೆ ನಿಂತುಬಿಡಬಹುದು. ಆಗ ಕೆಲವು ವಾರ, ಒಮ್ಮೊಮ್ಮೆ ತಿಂಗಳುಗಟ್ಟಲೆ, ದಿನಕ್ಕೆ ಹಲವು ಸಲ ಸಣ್ಣ ನಳಿಕೆಯನ್ನು ನೀವೇ ಹಾಕಿಕೊಂಡು ತೆಗೆಯಬೇಕಾಗುತ್ತೆ. ಮೂತ್ರಕೋಶ ತುಂಬಿದರೇ ನೋಯುವವರಿಗೆ ಇದು ಸಣ್ಣ ಮಾತಲ್ಲ. ಸೂಜಿಗೆ ಮೊದಲೇ ನಳಿಕೆ ಹಾಕಿಕೊಳ್ಳುವುದನ್ನು ನರ್ಸಮ್ಮನಿಂದ ಕಲಿತುಬಿಡಿ. ನಡುರಾತ್ರಿ ಕಟ್ಟಿಕೊಂಡರೆ ಎಲ್ಲಿಗೆ ಓಡಬೇಕು ಅಂತ ಮನೆಯವರಿಗೂ ತಿಳಿದಿರಲಿ. ಗರ್ಭಿಣಿಯಾಗಿದ್ದರೆ, ಮಗುವಿಗೆ ಹಾಲುಣಿಸುತ್ತಿದ್ದರೆ, ಸ್ನಾಯು ದುರ್ಬಲವಾಗುವ ಕಾಯಿಲೆಯಿದ್ದರೆ ಮೊದಲೇ ಹೇಳಿ.

ಡಾಕ್ಟರ ಹತ್ತಿರ ಹೋಗುವ ಮುನ್ನ ಮೂರು ದಿನ, ಕುಡಿದದ್ದೆಷ್ಟು, ಹೋದದ್ದು ಎಷ್ಟು ಸಲ, ನೋವು ಯಾವಾಗ ಎಂದು ಹಾಲಿನ ಲೆಕ್ಕದ ಹಾಗೆ ಬರೆದಿಡಿ. ಬಾಯಿಬಿಟ್ಟು ಹೇಳಲು ನಾಚಿಕೆಯಾದರೆ ಆ ಹಾಳೆಯನ್ನೇ ಅವರ ಕೈಗಿಡಿ.