ಎರಡು ಶಾಕಿನ ಸೈಕಲ್ಲು, ಎರೆ ಹೊಲದ ದಾರಿ

ತಪ್ಪು ನನ್ನದೇ, ಮೊದಲೇ ಒಪ್ಪಿಕೊಂಡುಬಿಡ್ತೀನಿ.

ಅಕ್ಕನ ಮಗಳು ಬ್ಯಾಡಗಿಯಲ್ಲಿ ಪಿಯುಸಿ ಸೇರಿದಾಗ ಸೈಕಲ್ ಆರಿಸೋ ಕೆಲಸ ನನ್ನ ಪಾಲಿಗೆ ಬಂತು. ಆ ವರ್ಷ ಮೆಣಸಿನಕಾಯಿಗೆ ಒಳ್ಳೆ ರೇಟು ಸಿಕ್ಕಿತ್ತು, ಭಾವನ ಕೈಯೂ ಧಾರಾಳವಾಗಿತ್ತು. ಹಾವೇರಿಯ ಅಂಗಡಿಯೊಂದರಲ್ಲಿ ಮುಂದೊಂದು ಶಾಕ್, ಹಿಂದೊಂದು ಶಾಕ್, ಇಪ್ಪತ್ತೊಂದು ಗೇರು ಇದ್ದ ಸೈಕಲ್ ಕಣ್ಣಿಗೆ ಬಿತ್ತು. ಮೇಲೆ 'ಎಂಟಿಬಿ' ಅಂತ ದಪ್ಪಗೆ ಬರೆದಿತ್ತು. ಕೊಡಿಸಿಬಿಟ್ಟೆ.

ಮೂರೇ ತಿಂಗಳಿಗೆ ಅದು ಹಿತ್ತಲ ಗೋಡೆಗೆ ಒರಗಿ ನಿಂತಿತ್ತು. ಕೇಳಿದರೆ, "ಮಾಮಾ, ತುಳದ್ರ ಕುಣಿತೈತಿ, ಮುಂದಕ್ಕ ಹೋಗಂಗಿಲ್ಲ" ಅಂದಳು. ಬೆಳಗಿನ ಬಸ್ ತಪ್ಪಿದರೆ ಆ ದಿನ ಕಾಲೇಜಿಲ್ಲ. ಮನೆಯಲ್ಲಿ ಆಗಲೇ "ಸಾಕ್ ಬಿಡು, ಕಲ್ತಿದ್ದು" ಅನ್ನೋ ಮಾತು ಶುರುವಾಗಿತ್ತು. ಆಗ ನನಗೆ ದಿಗಿಲಾಗಿದ್ದು.

ಆಮೇಲೆ ಕೂತು ಓದಿದೆ. ಮೌಂಟನ್ ಬೈಕ್ ಅಂದರೆ ಒಂದೇ ಜಾತಿ ಅಲ್ಲ ಮಾರಾಯ್ರೇ! ಏರು, ಇಳಿಜಾರು, ಕಚ್ಚಾ ದಾರಿ ಎಲ್ಲದರಲ್ಲೂ ವೇಗವಾಗಿ ತುಳಿಯೋದು ಕ್ರಾಸ್ ಕಂಟ್ರಿ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಸೇರಿದ್ದು ಇದೇ. ಆ ಸೈಕಲ್ ಹಗುರ, ಶಾಕ್ 100ರಿಂದ 120 ಮಿಲಿಮೀಟರ್ ಅದುಮಿಕೊಂಡರೆ ಸಾಕು. ಕಲ್ಲು, ಬೇರು ಹೆಚ್ಚಿರೋ ಕಾಡುದಾರಿಗೆ ಟ್ರೇಲ್ ಬೈಕು. ಎಂಡ್ಯೂರೋದಲ್ಲಿ ಗುಡ್ಡ ಹತ್ತೋದೂ ತುಳಿದುಕೊಂಡೇ, ಆದರೆ ಗಡಿಯಾರ ಓಡೋದು ಇಳಿಯುವಾಗ ಮಾತ್ರ. ಡೌನ್‌ಹಿಲ್‌ನವರು ಸಾಮಾನ್ಯವಾಗಿ ಗಾಡಿಯಲ್ಲೋ ಲಿಫ್ಟಿನಲ್ಲೋ ಸೈಕಲ್ ಮೇಲಕ್ಕೆ ಸಾಗಿಸಿ, ಬರೀ ಇಳೀತಾರೆ. ಅವರಿಗೆ ಸುಮಾರು 200 ಮಿಲಿಮೀಟರ್ ಶಾಕ್ ಬೇಕು.

ಮುಂದೆ ಮಾತ್ರ ಶಾಕ್ ಇದ್ದರೆ ಹಾರ್ಡ್‌ಟೇಲ್, ಎರಡೂ ಕಡೆ ಇದ್ದರೆ ಫುಲ್ ಸಸ್ಪೆನ್ಷನ್, ಎಲ್ಲೂ ಇಲ್ಲದಿದ್ದರೆ ರಿಜಿಡ್. ದುಬಾರಿ ಫುಲ್ ಸಸ್ಪೆನ್ಷನ್ ಸೈಕಲ್ಲಿನಲ್ಲಿ ಕುಣಿತ ತಡೆಯೋ ವ್ಯವಸ್ಥೆ ಇರುತ್ತೆ. ಅಗ್ಗದ್ದರಲ್ಲಿ ಇರೋದು ಬರೀ ಸ್ಪ್ರಿಂಗು. ತುಳಿದ ಶಕ್ತಿ ಅದನ್ನು ಕುಣಿಸೋಕೇ ಖರ್ಚಾಗುತ್ತೆ, ಮೇಲೆ ಕಬ್ಬಿಣದ ಭಾರ ಬೇರೆ.

ಈಗ ನಮ್ಮ ನೆಲ ನೋಡಿ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸುತ್ತ ಇರೋದು ಎರೆ ಹೊಲ, ಮಸಾರಿ, ಅಲ್ಲೊಂದು ಇಲ್ಲೊಂದು ಸಣ್ಣ ಗುಡ್ಡ. ದೇವರಗುಡ್ಡದಂಥ ಕಡೆ ಏರು ಇದೆ ನಿಜ, ಡೌನ್‌ಹಿಲ್‌ಗೆ ಬೇಕಾಗುವಂಥ ಉದ್ದದ ಇಳಿಜಾರು ಇಲ್ಲ. ಇಲ್ಲಿ ನಮ್ಮ ವೈರಿಗಳು ಮೂರು. ಎದುರು ಗಾಳಿ, ಜಾಲಿ ಮುಳ್ಳು, ಮಳೆಗಾಲದ ಎರೆ ಮಣ್ಣು. ಆ ಮಣ್ಣು ಚಕ್ರಕ್ಕೂ ಫ್ರೇಮಿಗೂ ನಡುವೆ ಮೆತ್ತಿಕೊಂಡರೆ ಸೈಕಲ್ಲನ್ನ ಹೆಗಲ ಮೇಲೆ ಹೊರಬೇಕು. ಶಾಕು ಇವು ಮೂರರಲ್ಲಿ ಒಂದಕ್ಕೂ ಮದ್ದಲ್ಲ.

ಮಸಾರಿ ನೆಲದಲ್ಲಿ ಸುತ್ತಾಡೋ ಆಸೆ ಇರೋ ಹುಡುಗರಿಗೆ ಹಗುರವಾದ ಹಾರ್ಡ್‌ಟೇಲ್ ಧಾರಾಳವಾಯಿತು. ಒಂದು ಮಾತು, ರಾಣೆಬೆನ್ನೂರಿನ ನೀಲಗಿರಿ ನೆಡುತೋಪಿನ ಕಾಲುದಾರಿ ಕಂಡರೆ ಎಂಥವರಿಗೂ ಆಸೆಯಾಗುತ್ತೆ. ಆದರೆ ಅದು 1974ರಲ್ಲಿ ಘೋಷಣೆಯಾದ ಕೃಷ್ಣಮೃಗ ಅಭಯಾರಣ್ಯ, 119 ಚದರ ಕಿಲೋಮೀಟರ್. ಅನುಮತಿ ಇಲ್ಲದೆ ನುಗ್ಗಬೇಡಿ. ಅದು ಜಿಂಕೆಗಳ ಮನೆ.

ಕೊನೆಗೆ ಏನು ಮಾಡಿದೆ ಅಂತೀರಾ? ಆ ಕುಣಿಯೋ ಸೈಕಲ್ಲನ್ನ ಅರ್ಧ ದುಡ್ಡಿಗೆ ಮಾರಿ, ಶಾಕೇ ಇಲ್ಲದ, ಏಳು ಗೇರಿನ ರಿಜಿಡ್ ಸೈಕಲ್ ತಂದೆ. ಚಕ್ರದ ಸುತ್ತ ಮಣ್ಣು ಉದುರೋಕೆ ಜಾಗ ಇದೆಯಾ ಅಂತ ಬೆರಳು ತೂರಿಸಿ ನೋಡಿದೆ. ಟ್ಯೂಬಿಗೆ ಪಂಕ್ಚರ್ ತಡೆಯೋ ದ್ರವ ಹಾಕಿಸಿದೆ. "ಇದ್ಯಾಕ ಹಳೇ ಕಾಲದ್ದು ತಂದಿ?" ಅಂತ ಅಕ್ಕ ಮೂಗು ಮುರಿದಳು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಗುಡ್ಡಗಳಲ್ಲಿ ಈ ಆಟ ಶುರು ಮಾಡಿದ ಹುಡುಗರು ಇಳಿದದ್ದು ಶಾಕಿಲ್ಲದ ಹಳೇ ದಪ್ಪ ಟಯರಿನ ಸೈಕಲ್ಲಿನಲ್ಲೇ ಅಂತ ಹೇಳಿದೆ. ನಂಬಲಿಲ್ಲ ಬಿಡಿ.

ಹುಡುಗಿ ಮಾತ್ರ ಈಗ ದಿನಾ ಹೋಗ್ತಾಳೆ, ಬಸ್ಸಿನ ಹಂಗಿಲ್ಲ.

ಹಾಗಾಗಿ ನಾನು ಹೇಳೋದಿಷ್ಟೇ: ಅಂಗಡಿಗೆ ಹೋದ ಕೂಡಲೇ "ಎಷ್ಟು ಗೇರು, ಎಷ್ಟು ಶಾಕು" ಅಂತ ಕೇಳಬೇಡಿ. ಅದನ್ನ ಯಾರು ತುಳೀತಾರೆ, ದಿನಾ ಯಾವ ದಾರೀಲಿ ಹೋಗ್ತಾರೆ ಅಂತ ಮೊದಲು ಮನೇಲೇ ಕೇಳಿಕೊಳ್ಳಿ. ಆ ಒಂದು ಪ್ರಶ್ನೆ ಕೇಳದೇ ನಾನು ಹುಡುಗಿಯ ಓದಿಗೇ ಕುತ್ತು ತರೋನಿದ್ದೆ.

ನಿಮ್ಮ ಮನೆಯ ಗೋಡೆಗೂ ಇಂಥದ್ದೊಂದು ಸೈಕಲ್ ಒರಗಿದೆಯಾ?