ಲ್ಯಾಬಿನ ಹಳೇ ಕಂಪ್ಯೂಟರ್‌ಗಳ ಪರವಾಗಿ ಎರಡು ಮಾತು

ದೀಪಾವಳಿ ರಜೆ ಮುಗಿಸಿ ಬಂದ ವಾರ ನಮ್ಮ ಕಂಪ್ಯೂಟರ್ ಲ್ಯಾಬಿನಲ್ಲಿ ಬಾಗಿಲ ಕಡೆಯ ಸಾಲಿನ ನಾಲ್ಕು ಕಂಪ್ಯೂಟರ್‌ಗಳು ಒಮ್ಮೆಲೇ ನಿಧಾನವಾದವು. ಮೌಸ್ ಸರಿಸಿದರೆ ಬಾಣ ತಡವಾಗಿ ಹಿಂದೆ ಬರುತ್ತದೆ. ನಾನು ಟೈಪ್ ಮಾಡಿದ ಸಾಲು, ಮುಂದಿನ ಸಾಲಿಗೆ ಹೋದ ಮೇಲೆ ಕಾಣಿಸುತ್ತದೆ. "ಇದರ ಕತಿ ಮುಗೀತು ಬಿಡಪಾ, ಮುದುಕ ಆಗೈತಿ" ಎಂದ ಪಕ್ಕದಲ್ಲಿ ಕುಳಿತ ಗೆಳೆಯ.

ನಾನು ಈ ಮಾತು ಒಪ್ಪುವುದಿಲ್ಲ. ರಜೆಗೆ ಮುಂಚೆ ಚೆನ್ನಾಗಿದ್ದ ನಾಲ್ಕೂ ಕಂಪ್ಯೂಟರ್‌ಗಳು ಹದಿನೈದು ದಿನದಲ್ಲಿ ಒಟ್ಟಿಗೇ ಮುದುಕಾಗುವುದುಂಟೇ? ಆ ನಡುವೆ ಆಗಿದ್ದು ಒಂದೇ, ದೊಡ್ಡ ಅಪ್‌ಡೇಟ್. ಸರ್ ಜೊತೆ ಕುಳಿತು ಡಿವೈಸ್ ಮ್ಯಾನೇಜರ್ ತೆರೆದು ನೋಡಿದೆವು. ಗ್ರಾಫಿಕ್ಸ್ ಚಿಪ್ಪಿನ ಹೆಸರು ಇರಬೇಕಾದ ಕಡೆ 'ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಎಂದಿತ್ತು. ಅಂದರೆ ಚಿಪ್ಪು ಇದೆ, ಅದಕ್ಕೆ ಕೆಲಸ ಹೇಳುವ ಡ್ರೈವರ್ ಹೋಗಿದೆ. ಪರದೆ ಮೇಲಿನ ಚಿತ್ರ ಬಿಡಿಸುವ ಕೆಲಸವೆಲ್ಲ ಪ್ರೊಸೆಸರ್ ತಲೆ ಮೇಲೆ ಬಿದ್ದಿದೆ.

ಹಿಂದೆ ವಿಂಡೋಗಳನ್ನು ನೇರವಾಗಿ ಪರದೆ ಮೇಲೆ ಬಿಡಿಸುತ್ತಿದ್ದರು. 2007ರಲ್ಲಿ ಬಂದ ವಿಂಡೋಸ್ ವಿಸ್ತಾದಿಂದ ನೆರಳು, ಪಾರದರ್ಶಕ ಅಂಚು ಎಲ್ಲವನ್ನೂ ಗ್ರಾಫಿಕ್ಸ್ ಚಿಪ್ಪಿನಿಂದ ಜೋಡಿಸುವ ಪದ್ಧತಿ ಬಂತು. ವಿಂಡೋಸ್ 7ರಲ್ಲಿ ಅದನ್ನು ಪೂರ್ತಿ ನಿಲ್ಲಿಸಬಹುದಿತ್ತು, 8ರಿಂದ ಆಗುವುದಿಲ್ಲ. ಲಿನಕ್ಸ್ ಕೂಡ ಇದಕ್ಕೆ ಹೊರತಲ್ಲ. 2011ರಲ್ಲಿ ಗ್ನೋಮ್ 3 ಬಂದಾಗ ಹಳೇ ಚಿಪ್ಪಿನವರು ಇದೇ ಕಷ್ಟ ಪಟ್ಟರು. ಈಗ ವಿಂಡೋಸ್ 11, ಇಂಟೆಲ್ ಆದರೆ ಸುಮಾರಾಗಿ ಎಂಟನೇ ಅಥವಾ ಅದರ ನಂತರದ ಪೀಳಿಗೆಯ ಪ್ರೊಸೆಸರ್ ಮತ್ತು ಟಿಪಿಎಂ 2.0 ಕೇಳುತ್ತದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ಮುಗಿಯಿತು.

ನಮ್ಮ ಅಬ್ಬಾ ಸಮೀರವಾಡಿಯ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಾರೆ. ಎರಡು ಟ್ರೇಲರ್ ಎಳೆಯುವ ಗಾಡಿಗೆ ಮೂರನೆಯದನ್ನು ಕಟ್ಟಿ, ಏರಿನಲ್ಲಿ ನಿಂತಾಗ ಇಂಜಿನ್ ಕೆಟ್ಟಿತು ಎನ್ನುವವರನ್ನು ಕಂಡರೆ ಅವರಿಗೆ ಸಿಟ್ಟು. ಲ್ಯಾಬಿನಲ್ಲೂ ಆಗಿರುವುದು ಅದೇ.

ಹಾಗಂತ ಅಪ್‌ಡೇಟೇ ಬೇಡ ಎನ್ನುವವರ ಜೊತೆ ನಾನಿಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ವೈರಸ್ ಜಗತ್ತಿನ ಲಕ್ಷಾಂತರ ಕಂಪ್ಯೂಟರ್‌ಗಳನ್ನು ಕೆಡಿಸಿತು. ಅದನ್ನು ತಡೆಯುವ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ನಮ್ಮ ಲ್ಯಾಬಿಗೆ ಬರುವ ಪೆನ್‌ಡ್ರೈವ್‌ಗಳನ್ನು ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ! ಸುರಕ್ಷತೆಯ ಅಪ್‌ಡೇಟ್ ಬರಲಿ. ಇಡೀ ವ್ಯವಸ್ಥೆಯನ್ನೇ ಬದಲಿಸುವ ದೊಡ್ಡ ಅಪ್‌ಡೇಟನ್ನು ಮಾತ್ರ ಮೊದಲು ಒಂದು ಕಂಪ್ಯೂಟರ್‌ಗೆ ಹಾಕಿ, ವಾರ ನೋಡಿ, ಆಮೇಲೆ ಉಳಿದವಕ್ಕೆ ಹಾಕಲಿ. ಪ್ರಾಕ್ಟಿಕಲ್ ಪರೀಕ್ಷೆ ಮುಗಿಯುವವರೆಗೆ ಅದೂ ಬೇಡ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಮ್ಮ ಮನೆಯಲ್ಲಿ ಕಂಪ್ಯೂಟರ್ ಇಲ್ಲ. ತರಗತಿಯ ಬಹಳ ಜನರ ಮನೆಯಲ್ಲೂ ಇಲ್ಲ. ಪ್ರಾಕ್ಟಿಕಲ್‌ನ 30 ಅಂಕಕ್ಕೆ ನಾವು ತಯಾರಾಗುವುದು ಲ್ಯಾಬಿನ ಅವಧಿಯಲ್ಲಿ ಮಾತ್ರ. ಮನೆಯಲ್ಲಿ ಲ್ಯಾಪ್‌ಟಾಪ್ ಇರುವವರಿಗೆ ಲ್ಯಾಬಿನ ಕಂಪ್ಯೂಟರ್ ನಿಂತರೆ ಬೇಸರವಾಗುತ್ತದೆ, ನಮಗೆ ಅಭ್ಯಾಸವೇ ತಪ್ಪುತ್ತದೆ.

ನಾಲ್ಕರಲ್ಲಿ ಎರಡು ಕಂಪ್ಯೂಟರ್‌ಗೆ ಸರ್ ಹಳೇ ಡ್ರೈವರ್ ಮರಳಿ ಹಾಕಿದರು, ಮೊದಲಿನಂತಾದವು. ಮೂರನೆಯದರಲ್ಲಿ ಪರ್ಫಾರ್ಮೆನ್ಸ್ ಸೆಟ್ಟಿಂಗ್‌ಗೆ ಹೋಗಿ ನೆರಳು, ಅನಿಮೇಷನ್ ತೆಗೆದೆವು, ಕೆಲಸ ನಡೆಯುತ್ತದೆ. ನೋಡಲು ಸಪ್ಪೆ, ಆದರೆ ಪೈಥಾನ್‌ಗೆ ನೆರಳಿನಿಂದ ಆಗಬೇಕಾದ್ದೇನೂ ಇಲ್ಲ.

ಉಳಿದ ಒಂದಕ್ಕೆ ಹಗುರವಾದ ಲುಬುಂಟು ಹಾಕಿ ನೋಡೋಣ ಎಂಬುದು ನನ್ನ ಕೋರಿಕೆ. ಅದು ಉಬುಂಟುವಿನದೇ ಒಂದು ರೂಪ, ಖರ್ಚಿಲ್ಲ. ಕಾಸರಗೋಡಿನ ಕನ್ನಡ ಶಾಲೆಗಳೂ ಸೇರಿ ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ಉಬುಂಟು ಆಧಾರಿತ ವ್ಯವಸ್ಥೆಯಲ್ಲೇ ಕಲಿಯುತ್ತಾರೆ. ನಮ್ಮ ಪ್ರಾಕ್ಟಿಕಲ್ ಪಟ್ಟಿಯ ಪ್ರೋಗ್ರಾಂಗಳೆಲ್ಲ ಅದರಲ್ಲಿ ಓಡುತ್ತವೆಯೇ ಎಂದು ಮೊದಲು ಒಂದೊಂದಾಗಿ ನೋಡಬೇಕು. ಪ್ರಾಂಶುಪಾಲರು ಒಪ್ಪಿದರೆ ಶನಿವಾರ ಮಧ್ಯಾಹ್ನ ನಾನೂ ಆ ಗೆಳೆಯನೂ ಕೂರಲು ಸಿದ್ಧ. ಸರ್ ಆಗಲೇ ಒಪ್ಪಿದ್ದಾರೆ.