ಒಂದು ಹೆಸರು, ಒಂದು ಕೆಲಸ

ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಗೆ ಎರಡು ಹೆಸರುಗಳಿವೆ. ಕೆಂಪು ಮಣ್ಣಿನಿಂದ ಬಂದ ಹೆಸರು ಒಂದು. ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಗೆಯ ಬೀಡಾದುದರಿಂದ ಬಂದ ‘ಕೃಷ್ಣರಾಜೇಂದ್ರ ಗಿರಿಧಾಮ’ವೆಂಬುದು ಇನ್ನೊಂದು. ಇದರಿಂದ ಯಾರಿಗೂ ಹಾನಿಯಿಲ್ಲ. ಯಾವ ಹೆಸರನ್ನು ಹೇಳಿದರೂ ಸೇರುವುದು ಒಂದೇ ಬೆಟ್ಟವನ್ನು. ಎರಡು ಊರುಗಳಿಗೆ ಒಂದೇ ಹೆಸರಿದ್ದರೆ ಮಾತ್ರ ಪಯಣಿಗನು ದಾರಿ ತಪ್ಪುವನು. ಗಣಕಯಂತ್ರಕ್ಕೆ ನಾವು ಕೊಡುವ ಆಜ್ಞೆಗಳಿಗೂ ಈ ಮಾತು ಸಲ್ಲುತ್ತದೆ.

ಲಿನಸ್ ಟೋರ್ವಾಲ್ಡ್ಸ್ ಅವರು 2005ರಲ್ಲಿ ರಚಿಸಿದ ‘ಗಿಟ್’ ಎಂಬ ಸಾಧನವನ್ನು ನೋಡೋಣ. ಪ್ರೋಗ್ರಾಮಿನ ಒಂದೊಂದು ಹಂತದ ಪ್ರತಿಯನ್ನೂ ಭಂಡಾರದಲ್ಲಿ ಕಾದಿರಿಸುವುದು ಇದರ ಕೆಲಸ. ಮೂಲವನ್ನು ಕೆಡಿಸದೆ ಹೊಸ ಪ್ರಯೋಗ ನಡೆಸಲು ಅದರಿಂದ ಕವಲುಗಳನ್ನೂ ತೆಗೆಯಬಹುದು. ಇದರ ‘ಚೆಕ್‌ಔಟ್’ ಎಂಬ ಆಜ್ಞೆಯ ಮುಂದೆ ಕವಲಿನ ಹೆಸರನ್ನು ಬರೆದರೆ ಗಿಟ್ ನಮ್ಮನ್ನು ಆ ಕವಲಿಗೆ ಒಯ್ಯುತ್ತದೆ. ಕಾದಿರಿಸದ ತಿದ್ದುಪಡಿಗಳು ಅಳಿಯುವಂತಿದ್ದರೆ ಮುಂದುವರಿಯಲು ಒಪ್ಪುವುದಿಲ್ಲ. ಕಡತದ ಹೆಸರನ್ನು ಬರೆದರೋ, ಭಂಡಾರದ ಪ್ರತಿಯನ್ನು ತಂದು ಅದರ ಮೇಲೆ ಹೊದಿಸಿಬಿಡುತ್ತದೆ. ಆಗ ಎಚ್ಚರಿಕೆಯ ಒಂದು ಮಾತೂ ಇಲ್ಲ. ಕಾದಿರಿಸದ ದಿನವಿಡೀ ದುಡಿಮೆಯನ್ನು ಗಿಟ್ ಮರಳಿ ಕೊಡಲಾರದು. ಯಂತ್ರದ ದೃಷ್ಟಿಗೆ ಎರಡೂ ಭಂಡಾರದಿಂದ ಪ್ರತಿಯನ್ನು ಹೊರತೆಗೆಯುವ ಕೆಲಸವೇ; ಮನುಷ್ಯನ ದೃಷ್ಟಿಗೆ ಒಂದು ಸ್ಥಳಾಂತರ, ಇನ್ನೊಂದು ವಿನಾಶ.

ಒಂದು ಕೆಲಸಕ್ಕೆ ಹಲವು ಶಬ್ದಗಳಿರುವ ದೋಷವೂ ಗಿಟ್‌ನಲ್ಲಿದೆ. ಕವಲನ್ನು ತೆಗೆದುಹಾಕಲು ‘ಡಿ’ ಎಂಬ ಅಕ್ಷರ. ಬದಿಗಿರಿಸಿದ ಕೆಲಸವನ್ನು ತೆಗೆದುಹಾಕಲು ‘ಡ್ರಾಪ್’. ಹೊರಗಿನ ಭಂಡಾರದ ಸಂಪರ್ಕವನ್ನು ಕಳೆಯಲು ‘ರಿಮೂವ್’. ಇದು ನೆನಪಿಗೆ ಭಾರ, ಅಷ್ಟೆ. ‘ಚೆಕ್‌ಔಟ್’ನ ದೋಷವಾದರೋ ಅಪಾಯಕರ.

ಇದಕ್ಕೆ ಪರಿಹಾರ 2019ರ ಆಗಸ್ಟಿನಲ್ಲಿ ಬಂದಿತು. ಕವಲು ಬದಲಿಸಲು ‘ಸ್ವಿಚ್’, ಕಡತವನ್ನು ಹಿಂದಿನ ಸ್ಥಿತಿಗೆ ತರಲು ‘ರಿಸ್ಟೋರ್’ ಎಂದು ಎರಡು ಆಜ್ಞೆಗಳಾದವು. ‘ಸ್ವಿಚ್’ಗೆ ಕೈತಪ್ಪಿ ಕಡತದ ಹೆಸರನ್ನು ಕೊಟ್ಟರೆ ಅದು ನಿರಾಕರಿಸುತ್ತದೆ, ಕಡತವು ಉಳಿಯುತ್ತದೆ. ‘ರಿಸ್ಟೋರ್’ ಇಂದಿಗೂ ತಿದ್ದುಪಡಿಯನ್ನು ಅಳಿಸುವುದು ನಿಜ. ಆದರೆ ಅದರ ಹೆಸರೇ ಒಂದು ಎಚ್ಚರಿಕೆ.

ಹಾಗಾದರೆ ಹಳೆಯ ಆಜ್ಞೆಯನ್ನು ಕಿತ್ತೆಸೆಯಬೇಕೆ? ಬೇಡವೆಂದೇ ನಮ್ಮ ಮತ. ಅದನ್ನು ನಂಬಿ ಬರೆದಿಟ್ಟ ಪ್ರೋಗ್ರಾಮುಗಳು ಲೆಕ್ಕವಿಲ್ಲದಷ್ಟಿವೆ. ಇಂದು ಅದರ ನಡತೆಯನ್ನು ಬದಲಿಸಿದರೆ ಅವೆಲ್ಲವೂ ಕೆಟ್ಟಾವು. ಹಳೆಯದು ಹಳಬರಿಗಿರಲಿ. ಹೊಸದಾಗಿ ಕಲಿಯುವವರಿಗೆ ಮಾತ್ರ ಕಾಲೇಜುಗಳು ಹೊಸ ಆಜ್ಞೆಗಳನ್ನೇ ಕಲಿಸಲಿ. ಗೊಂದಲಗೊಂಡ ವಿದ್ಯಾರ್ಥಿಯನ್ನು ದಡ್ಡನೆನ್ನುವ ಮೊದಲು, ಗೊಂದಲವಿರುವುದು ಅವನಲ್ಲಿಯೋ ಸಾಧನದಲ್ಲಿಯೋ ಎಂದು ನಾವು ಕೇಳಿಕೊಳ್ಳಬೇಕು. ನಾಳೆ ಸಾಧನಗಳನ್ನು ನಿರ್ಮಿಸಲಿರುವ ತರುಣರೂ ಈ ಪ್ರಶ್ನೆಯನ್ನು ಮರೆಯದಿರಲಿ.